ಬಿಚ್ಚುವ ಖಾತೆಯ ಪಂಡಿತರು

“ಇನ್ನು ಮೇಲೆ ನಾನು ಕೈಯಾರೆ ಮಾಡಿ ನೋಡದ ಒಂದೇ ಒಂದು ವಾಕ್ಯವೂ ಈ ಮನೆ ಹೊಸ್ತಿಲು ದಾಟಲ್ಲ!”

ಭಾನುವಾರ ಬೆಳಿಗ್ಗೆ ಆರೂವರೆಗೆ ಪಂಡಿತರು ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಳ್ಳಲು ಇದ್ದವರು ಅವರ ಹೆಂಡತಿ ಒಬ್ಬರೇ. ಅವರೂ ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದು ಬೂಟು ಹುಡುಕುತ್ತಿದ್ದರು.

“ಮೊದಲು ನನ್ನ ಬೂಟು ಹೊಸ್ತಿಲು ದಾಟಲಿ ರೀ. ನಿನ್ನೆ ಒರೆಸ್ತೀನಿ ಅಂತ ತಗೊಂಡ್ರಲ್ಲ, ಎಲ್ಲಿ ಹಾಕಿದ್ರಿ?”

ತೆಗೆದುಕೊಂಡದ್ದು ನಿಜ. ತೆಗೆದದ್ದನ್ನು ವಾಪಸ್ಸು ಇಡುವುದು ಮಾತ್ರ ಪಂಡಿತರ ಜಾಯಮಾನದಲ್ಲೇ ಇರಲಿಲ್ಲ. ಬೂಟು ಕೊನೆಗೆ ಪುಸ್ತಕದ ಕಪಾಟಿನಲ್ಲಿ, ಜರ್ಮನ್ ನಿಘಂಟಿನ ಮಗ್ಗುಲಲ್ಲಿ ಸಿಕ್ಕಿತು.

ಅವರನ್ನು ಪಂಡಿತರು ಎಂದು ಮೊದಲು ಕರೆದವರು ಈ ಹೆಂಡತಿಯೇ, ಅದೂ ಕೋಪ ಬಂದಾಗ. ಕೋಪ ಆಗಾಗ ಬರುತ್ತಿದ್ದುದರಿಂದ ಹೆಸರು ಬೀದಿಗೆಲ್ಲ ಗೊತ್ತಾಯಿತು. ಹೆಂಡತಿ ಹೆರಿಗೆ ವಾರ್ಡಿನ ನರ್ಸ್, ಬೀದಿಗೆಲ್ಲ ನರ್ಸಮ್ಮ. ಪಂಡಿತರ ಕಸುಬು ಕಾರು ರಿಪೇರಿಯ ಪುಸ್ತಕಗಳನ್ನು ಜರ್ಮನ್‌ನಿಂದ ಫ್ರೆಂಚಿಗೆ ಅನುವಾದ ಮಾಡುವುದು. ಎರಡೂ ಅವರ ಮನೆಮಾತಲ್ಲ. ಎರಡನ್ನೂ ಕಷ್ಟಪಟ್ಟು ಕಲಿತು, ಒಂದರಿಂದ ಮೊಗೆದು ಇನ್ನೊಂದಕ್ಕೆ ಸುರಿದು, ಹತ್ತೊಂಬತ್ತು ವರ್ಷದಿಂದ ಹೊಟ್ಟೆ ಹೊರೆಯುತ್ತಿದ್ದರು. ಜರ್ಮನ್ನರು ರೈಲಿನ ಬೋಗಿಗಳ ಹಾಗೆ ಪದಕ್ಕೆ ಪದ ಕೊಂಡಿ ಹಾಕಿ ಒಂದೇ ಉಸಿರಿಗೆ ಹೇಳಿದ್ದನ್ನು ಫ್ರೆಂಚಿನಲ್ಲಿ ಒಂದೊಂದೇ ಬೋಗಿ ಬಿಡಿಸಿ ನಿಲ್ಲಿಸಬೇಕು. ಕಾರಿನ ಬಾಗಿಲೊಳಗೆ ಕೂತು ಕಿಟಕಿಯ ಗಾಜನ್ನು ಮೇಲೆ ಕೆಳಗೆ ಆಡಿಸುವ ಯಂತ್ರ ಒಂದಿದೆಯಲ್ಲ, ಅದು ಜರ್ಮನ್‌ನಲ್ಲಿ ‘ಫೆನ್‌ಸ್ಟರ್‌ಹೇಬರ್’, ಫ್ರೆಂಚಿನಲ್ಲಿ ‘ಲೆವ್ ವಿತ್ರ್’. ಪಂಡಿತರು ಅದನ್ನು ಎರಡೂ ಭಾಷೆಯಲ್ಲಿ ನಿದ್ದೆಗಣ್ಣಿನಲ್ಲೂ ಕರೆಯಬಲ್ಲರು. ಎದುರಿಗೆ ಬಂದು ನಿಂತರೆ ಗುರುತು ಹಿಡಿಯಲಾರರು!

ಕೆಲಸ ಕೊಡುವ ಕಚೇರಿಯವರದು ಒಂದು ವಿಚಿತ್ರ ಹಂಚಿಕೆ. ಪ್ರತಿ ಪುಸ್ತಕವನ್ನೂ ಎರಡು ಹೋಳು ಮಾಡಿ, ಬಿಚ್ಚುವ ಅಧ್ಯಾಯಗಳನ್ನೆಲ್ಲ ಪಂಡಿತರಿಗೂ, ಜೋಡಿಸುವ ಅಧ್ಯಾಯಗಳನ್ನೆಲ್ಲ ಬೇರೆ ಊರಿನ ಒಬ್ಬ ಅನುವಾದಕಿಗೂ ಕಳಿಸುತ್ತಿದ್ದರು. ಮುಗಿದ ಮೇಲೆ ಪಂಡಿತರ ಕೆಲಸವನ್ನು ಆ ಅನುವಾದಕಿ ತಿದ್ದಬೇಕು. ಹೀಗಾಗಿ ಹತ್ತೊಂಬತ್ತು ವರ್ಷದಲ್ಲಿ ಪಂಡಿತರು ಕಾಗದದ ಮೇಲೆ ಬಿಚ್ಚದ ಕಾರಿಲ್ಲ. ಜೋಡಿಸಿದ್ದು ಒಂದೂ ಇಲ್ಲ!

“ಮನೇಲೂ ನಿಮ್ಮದು ಬಿಚ್ಚೋ ಖಾತೆನೇ” ಎಂದು ನರ್ಸಮ್ಮ ತೆರೆದ ಡ್ರಾಯರುಗಳನ್ನು ಮುಚ್ಚುತ್ತ, ಬಿಸಾಕಿದ ಅಂಗಿಗಳನ್ನು ಎತ್ತುತ್ತ ಹೇಳುವುದಿತ್ತು.

ಶನಿವಾರ ಆ ಇನ್ನೊಬ್ಬ ಅನುವಾದಕಿ ಪಂಡಿತರ ಕೆಲಸದ ಅಂಚಿನಲ್ಲಿ ಒಂದು ಷರಾ ಬರೆದಿದ್ದರು: “ಈ ಅನುವಾದಕರು ಜನ್ಮದಲ್ಲಿ ಒಮ್ಮೆಯಾದರೂ ಕಾರಿನ ಬಾಗಿಲು ಮುಟ್ಟಿದ್ದಾರೆಯೇ?” ಪಂಡಿತರಿಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಉರಿಯಲು ಕಾರಣ, ಮಾತು ಸುಳ್ಳಲ್ಲದೆ ಇದ್ದದ್ದು. ಪ್ರತಿಜ್ಞೆ ಹುಟ್ಟಿದ್ದು ಅಲ್ಲಿಂದ.

ಆದರೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಅದನ್ನು ಅವರು ಹೆಂಡತಿಗೆ ಹೇಳಿರಲಿಲ್ಲ.

ಮನೆ ಮುಂದಿನ ಶೆಡ್ಡಿನಲ್ಲಿ ಒಂದು ಹಳೆಯ ಕಾರಿತ್ತು. ಅದು ನರ್ಸಮ್ಮನದು. ಪಂಡಿತರಿಗೆ ಓಡಿಸಲು ಬರುತ್ತಿರಲಿಲ್ಲ. ನರ್ಸಮ್ಮ ಐವತ್ತನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯಲು ಹೊರಟದ್ದು ಒಂದು ಹೊಸ ಹುದ್ದೆಯ ಆಸೆಗೆ. ಊರಾಚೆಯ ಬಸ್ಸು ಹೋಗದ ಬಡಾವಣೆಗಳಲ್ಲಿ ಬಾಣಂತಿಯರ ಮನೆಮನೆಗೆ ಹೋಗಿ ಕೂಸುಗಳನ್ನು ನೋಡಿಕೊಂಡು ಬರುವ ಕೆಲಸ. ಲೈಸೆನ್ಸ್ ಇದ್ದವರಿಗೆ ಮಾತ್ರ.

“ಇಪ್ಪತ್ತೆರಡು ವರ್ಷದಿಂದ ಮಕ್ಕಳನ್ನ ಕೈಗೆ ತಗೊಂಡು, ಒರೆಸಿ, ಬಟ್ಟೆ ಸುತ್ತಿ ಕಳಿಸ್ತಾ ಇದೀನಿ” ಎಂದಿದ್ದರು ಒಂದು ದಿನ. “ಆಮೇಲೆ ಅವು ಹೇಗೆ ನಕ್ಕವು, ಯಾವಾಗ ಬೋರಲು ಬಿದ್ದವು, ಒಂದೂ ಗೊತ್ತಿಲ್ಲ ರೀ. ಒಂದಾದ್ರೂ ಮಗು ಬೋರಲು ಬೀಳೋದನ್ನ ನೋಡ್ಬೇಕು ನಾನು.”



ಎರಡು ಸಲ ಪರೀಕ್ಷೆ ಕೈಕೊಟ್ಟಿತ್ತು. ಮೊದಲನೆಯದು ಭಯಕ್ಕೆ. ಎರಡನೆಯದು ಈ ಕಾರಿನ ಹಾಳು ಕಿಟಕಿಗೆ! ಕೈ ಹೊರಗೆ ಚಾಚಿ ಸನ್ನೆ ಮಾಡಿ ಎಂದರಂತೆ ಪರೀಕ್ಷಕರು. ಗಾಜು ಅರ್ಧಕ್ಕೆ ಕಚ್ಚಿಕೊಂಡು ನಿಂತಿತು. ನರ್ಸಮ್ಮ ಗಾಬರಿಯಲ್ಲಿ ವೈಪರ್ ಹಾಕಿದರು, ಹಾರನ್ ಒತ್ತಿದರು, ಕೊನೆಗೆ ಗೇಟಿಗೆ ಗುದ್ದಿ ನಿಲ್ಲಿಸಿದರು. ಮೂರನೆಯ ಪರೀಕ್ಷೆ ಸೋಮವಾರ ಹತ್ತು ಗಂಟೆಗೆ, ಅಂದರೆ ನಾಳೆಯೇ. ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸದಿದ್ದರೆ ಹುದ್ದೆ ಇನ್ನೊಬ್ಬರ ಪಾಲು.

ಇಂಥ ಹೊತ್ತಿನಲ್ಲಿ ಕಚೇರಿಯಿಂದ ಬಂದಿತ್ತು ಹೊಸ ಕೆಲಸ. ಶೆಡ್ಡಿನಲ್ಲಿದ್ದ ಮಾದರಿಯದೇ ಕಾರು! ಹದಿಮೂರನೆಯ ಅಧ್ಯಾಯ: ‘ಚಾಲಕನ ಬಾಗಿಲಿನ ಕಿಟಕಿ ಎತ್ತುವ ಯಂತ್ರವನ್ನು ಬಿಚ್ಚಿ ಶುಚಿ ಮಾಡುವುದು’. ಮೂವತ್ತೊಂದು ವಾಕ್ಯ. ಮೂವತ್ತೊಂದನ್ನೂ ಮಾಡಿ, ಮೂವತ್ತೊಂದನ್ನೂ ಬರೆದು, ಹೆಂಡತಿ ಮೂರೂವರೆಗೆ ಬರುವಷ್ಟರಲ್ಲಿ ಗಾಜು ಬೆಣ್ಣೆಯ ಹಾಗೆ ಜಾರಬೇಕು! ಪಂಡಿತರು ಪಕ್ಕದ ಮನೆಯ ಬಡಗಿಯಿಂದ ಸ್ಕ್ರೂಡ್ರೈವರು, ಸ್ಪ್ಯಾನರು ಎಲ್ಲ ಎರವಲು ತಂದು, ಲ್ಯಾಪ್‌ಟಾಪನ್ನು ಕಾರಿನ ನೆತ್ತಿಯ ಮೇಲೆ ಪ್ರತಿಷ್ಠಾಪಿಸಿ, ತೋಳು ಮಡಚಿದರು.

ಅವರ ಕೆಲಸದ ರೀತಿಗೆ ಎರಡು ನಿಯಮ. ಒಂದು, ಈಗಿನ ವಾಕ್ಯ ಮುಗಿಯುವ ತನಕ ಮುಂದಿನದನ್ನು ಓದಬಾರದು, ಓದಿದರೆ ರುಚಿ ಕೆಡುತ್ತದೆ. ಎರಡು, ಯಾವುದನ್ನಾದರೂ ಅಚ್ಚುಕಟ್ಟಾಗಿ ಇಡಬೇಕೆಂದರೆ ಅಕ್ಷರಮಾಲೆಯ ಪ್ರಕಾರ ಇಡಬೇಕು. ಹಾಗಾಗಿ ಪಂಡಿತರು ಜರ್ಮನ್ ವಾಕ್ಯ ಓದುವುದು, ಅದರಂತೆ ಒಂದು ಭಾಗ ಬಿಚ್ಚುವುದು, ಒಳಗೆ ಓಡಿ ಊಟದ ಮೇಜಿನ ಮೇಲೆ ಅದನ್ನು ಇಟ್ಟು ಜರ್ಮನ್ ಹೆಸರಿನ ಚೀಟಿ ಅಂಟಿಸುವುದು, ಮತ್ತೆ ಹೊರಗೆ ಓಡಿ ಫ್ರೆಂಚ್ ವಾಕ್ಯ ಬರೆಯುವುದು, ಹೀಗೆ ಸಾಗಿತು. ಹೊಸ ಭಾಗ ಬಂದಾಗಲೆಲ್ಲ ಹಳೆಯವು ಸರಿದು ಅಕ್ಷರಮಾಲೆಯಲ್ಲಿ ಅದಕ್ಕೆ ಜಾಗ ಬಿಟ್ಟುಕೊಡುತ್ತಿದ್ದವು. ನೋಡಲು ಎರಡು ಕಣ್ಣು ಸಾಲದು!

ಬಾಗಿಲಿನ ಒಳಹೊದಿಕೆ ಕಿತ್ತು ಬಂದಾಗ ಪಂಡಿತರಿಗೆ ರೋಮಾಂಚನವಾಯಿತು. ಹತ್ತೊಂಬತ್ತು ವರ್ಷದಿಂದ ಹೆಸರಷ್ಟೇ ಗೊತ್ತಿದ್ದವರೆಲ್ಲ ಅಲ್ಲಿ ಸಾಲಾಗಿ ಕೂತಿದ್ದರು. “ಓಹೋ, ನೀನೇ ಏನಪ್ಪಾ ಫೆನ್‌ಸ್ಟರ್‌ಹೇಬರ್! ಇಷ್ಟೇ ಇಷ್ಟು ಇದೀಯ!” ಎಂದು ಕೈಕುಲುಕುವಷ್ಟು ಪ್ರೀತಿ ಉಕ್ಕಿತು.

ಹದಿನೇಳನೆಯ ವಾಕ್ಯಕ್ಕೆ ಗಾಜು ಕೆಳಗೆ ಬಂದು ತಂಗುವ ಜಾಗದಿಂದ ಹೆಬ್ಬೆರಳಷ್ಟು ದಪ್ಪದ ಒಂದು ರಬ್ಬರ್ ತುಂಡನ್ನು ಕಿತ್ತು, ಒಳಗೆ ತರುತ್ತಿದ್ದ ಹಾಗೇ ಫೋನು ಹೊಡೆದುಕೊಂಡಿತು. ನರ್ಸಮ್ಮ, ವಾರ್ಡಿನಿಂದ.

“ಊಟ ಆಯ್ತಾ?”

“ಆಗ್ತಾ ಇದೆ.”

“ಸುಳ್ಳು. ಏದುಸಿರು ಬಿಡ್ತಾ ಇದೀರಿ. ಏನು ಮಾಡ್ತಿದೀರಿ?”

“ಅನುವಾದ ಕಣೇ. ಸ್ವಲ್ಪ ಕಷ್ಟದ ವಾಕ್ಯ.”

“ವಾಕ್ಯ ಎಲ್ಲಿಗೂ ಓಡಿಹೋಗಲ್ಲ. ಎರಡು ಗಂಟೆ ಆಯ್ತು. ಫೋನ್ ಇಟ್ಟ ತಕ್ಷಣ ತಟ್ಟೆ ತಗೊಳ್ಳಿ. ನನ್ನಾಣೆ!”

ಆಣೆ ಎಂದ ಮೇಲೆ ಮುಗಿಯಿತು. ಪಂಡಿತರು ಕೈಲಿದ್ದ ರಬ್ಬರ್ ತುಂಡನ್ನು ಫೋನಿನ ಹಿಂದೆ ಇಟ್ಟು, ಕೈ ತೊಳೆದು, ನಿಂತೇ ಉಂಡರು. ಮತ್ತೆ ಕಾರಿನ ಬಳಿ ಬಂದು, “ಹದಿನೇಳು ಮಾಡಿ ಆಯ್ತಲ್ಲ” ಎಂದುಕೊಂಡು ಹದಿನೆಂಟಕ್ಕೆ ಕೈ ಹಾಕಿದರು.

ಮೂರೂಕಾಲಿಗೆ ಎಲ್ಲ ಶುಚಿಯಾಗಿ, ಎಣ್ಣೆ ಬಿದ್ದು ಮುಗಿದಿತ್ತು. ಇನ್ನು ಜೋಡಿಸುವುದೊಂದು ಬಾಕಿ. ಪಂಡಿತರು ಎದೆಯುಬ್ಬಿಸಿ ಕೊನೆಯ ವಾಕ್ಯ ಓದಿದರು: ‘ಜೋಡಣೆಗೆ ಹದಿನಾಲ್ಕನೆಯ ಅಧ್ಯಾಯವನ್ನು ನೋಡಿ.’

ನೋಡೋಣವೆಂದು ಕೆಳಗೆ ಸರಿಸಿದರು. ಕೆಳಗೆ ಏನೂ ಇರಲಿಲ್ಲ. ಹದಿನಾಲ್ಕನೆಯ ಅಧ್ಯಾಯ ಜೋಡಿಸುವ ಖಾತೆಯದು! ಪಂಡಿತರು ಎದ್ದೆನೋ ಬಿದ್ದೆನೋ ಎಂದು ಮೇಜಿನ ಬಳಿಗೆ ಓಡಿದರು. ಭಾಗಗಳೆಲ್ಲ ಅಕ್ಷರಮಾಲೆಯಲ್ಲಿ ಅಂದವಾಗಿ ಮಲಗಿದ್ದವು. ಯಾವುದು ಮೊದಲು ಬಂದದ್ದು, ಯಾವುದು ಆಮೇಲೆ ಬಂದದ್ದು ಎಂದು ಅವುಗಳ ಮುಖ ನೋಡಿದರೆ ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ.

ಗೇಟು ಕಿರ್ ಎಂದಿತು.

ನರ್ಸಮ್ಮ ಶೆಡ್ಡಿನ ಮುಂದೆ ಒಂದು ನಿಮಿಷ ನಿಂತರು. ಒಳಗೆ ಬಂದು ಮೇಜಿನ ಮುಂದೆ ಎರಡು ನಿಮಿಷ ನಿಂತರು.

“ಇದೇನು?”

“ಬಾಗಿಲು.”

“ಬಾಗಿಲು ಹೊರಗಿದೆಯಲ್ಲ?”

“ಅದು ಬಾಗಿಲಿನ ಹೊರಗಿಂದು. ಇದು ಒಳಗಿಂದು.”

“ಹೀಗೆ ಸಾಲಾಗಿ ಯಾಕೆ ಮಲಗಿಸಿದೀರಿ?”

“ಅಕ್ಷರಮಾಲೆ...”

ನರ್ಸಮ್ಮ ಕೂಗಾಡುತ್ತಾರೆಂದು ಪಂಡಿತರು ಕಿವಿ ಗಟ್ಟಿ ಮಾಡಿಕೊಂಡರು. ಅವರು ಕೂಗಲಿಲ್ಲ. ಕುರ್ಚಿಯಲ್ಲಿ ಕುಸಿದು, ಒಂದು ಬೂಟು ಬಿಚ್ಚಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, “ನಾಳೆ ಹತ್ತಕ್ಕೆ ನನ್ನ ಪರೀಕ್ಷೆ ಇತ್ತು” ಎಂದರು.

ಆ ‘ಇತ್ತು’ ಪಂಡಿತರ ಎದೆಗೆ ಚುಚ್ಚಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ನಿನಗೋಸ್ಕರಾನೇ ಕಣೇ... ಗಾಜು ಸರಿಹೋದ್ರೆ ನಿನಗೆ ಗಾಬರಿ ಆಗಲ್ಲ ಅಂತ...” ಮೂರು ಭಾಷೆ ಬಲ್ಲ ಬಾಯಿ ಮೂರರಲ್ಲೂ ಕಟ್ಟಿಹೋಯಿತು.

ನರ್ಸಮ್ಮ ಅವರ ಮುಖ ನೋಡಿದರು. ಮೂಗಿನ ತುದಿಗೆ ಗ್ರೀಸ್ ಮೆತ್ತಿತ್ತು. ಅದನ್ನು ಕರವಸ್ತ್ರದಿಂದ ಒರೆಸಿದರು. ಭಾನುವಾರ ಗ್ಯಾರೇಜುಗಳಿಗೆ ಬೀಗ. ಬೆಳಿಗ್ಗೆ ಅವು ತೆರೆಯುವುದೂ ಹತ್ತಕ್ಕೇ. ಹೆರಿಗೆ ವಾರ್ಡಿನಲ್ಲಿ ಗಾಬರಿಯವರು ಉಳಿಯುವುದಿಲ್ಲ; ನರ್ಸಮ್ಮ ಅಲ್ಲಿಯ ದನಿ ತೆಗೆದರು.

“ಆ ಹದಿನಾಲ್ಕನೇ ಅಧ್ಯಾಯ ಯಾರ ಹತ್ರ ಇದೆ?”

“ಅವರ ಹತ್ರ. ಅದೇ... ಬಾಗಿಲು ಮುಟ್ಟಿದಾರಾ ಅಂತ ಬರೆದವರು.”

“ಫೋನ್ ಮಾಡಿ.”

“ಪ್ರಾಣ ಹೋದ್ರೂ ಮಾಡಲ್ಲ!”

ನರ್ಸಮ್ಮ ಕೆಲಸದ ಕಾಗದದಲ್ಲಿದ್ದ ನಂಬರು ಹುಡುಕಿ, ತಾವೇ ಒತ್ತಿ, ಫೋನನ್ನು ಗಂಡನ ಕಿವಿಗೆ ಹಿಡಿದರು. ಆ ಕಡೆಯಿಂದ ಅಜ್ಜಿಯಂಥ ಒಂದು ಮೆತ್ತನೆಯ ದನಿ ಬಂತು. ಹತ್ತೊಂಬತ್ತು ವರ್ಷದಿಂದ ಅಂಚಿನಲ್ಲಿ ಕೆಂಪು ಕಾರಿದವರು ಇವರೇನಾ ಎಂದು ಪಂಡಿತರು ತಬ್ಬಿಬ್ಬಾದರು.

“ಮೇಡಂ, ನಾನು... ಬಿಚ್ಚೋನು.”

“ಅಯ್ಯೋ ದೇವರೇ, ನೀವಾ? ನಾನು ಜೋಡಿಸೋಳು!”

ಪಂಡಿತರು ಕಥೆಯೆಲ್ಲ ಒಪ್ಪಿಸಿದರು. “ದಯವಿಟ್ಟು ಹದಿನಾಲ್ಕನೇ ಅಧ್ಯಾಯ ಪೂರ್ತಿ ಓದಿ ಹೇಳ್ತೀರಾ? ಎಷ್ಟು ಹೊತ್ತಾದ್ರೂ ಪರವಾಗಿಲ್ಲ.”

“ಓದ್ತೀನಿ, ಅದಕ್ಕೇನಂತೆ. ಬರ್ಕೊಳ್ಳಿ.”

ನರ್ಸಮ್ಮ ಪೆನ್ನು ಕೊಟ್ಟರು. ಪಂಡಿತರು ಒಂದು ದಸ್ತೆ ಹಾಳೆ ಎಳೆದುಕೊಂಡರು.

“‘ಬಿಚ್ಚಿದ ಕ್ರಮಕ್ಕೆ ಹಿಂದುಮುಂದಾಗಿ ಜೋಡಿಸಿ.’”

“ಹೂಂ, ಆಮೇಲೆ?”

“ಆಮೇಲೆ ಪೂರ್ಣವಿರಾಮ.”

“ಅಷ್ಟೇನಾ?”

“ಅಷ್ಟೇ ಸಾರ್. ಬಹಳ ಪುಸ್ತಕಗಳಲ್ಲಿ ಅಷ್ಟೇ ಇರೋದು. ನೀವು ಪುಟಗಟ್ಟಲೆ ಒದ್ದಾಡೋದು ನೋಡಿದಾಗೆಲ್ಲ ನನಗೆ ಪಾಪ ಅನ್ಸೋದು.” ದನಿ ಸ್ವಲ್ಪ ತಗ್ಗಿತು. “ನಿನ್ನೆ ಬರೆದದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನಾನೂ ಕಾರಿನ ಬಾಗಿಲು ಮುಟ್ಟಿದೋಳಲ್ಲ, ಬಸ್ಸಲ್ಲಿ ಓಡಾಡೋಳು. ಜೋಡಿಸಿ ಆದ್ಮೇಲೆ ಹೇಗಾಯ್ತು ಅಂತ ಒಂದು ಮಾತು ತಿಳಿಸಿ, ಆಯ್ತಾ? ಇಷ್ಟು ವರ್ಷ ನಾವು ಬರೆದಿದ್ದು ನಿಜವಾಗ್ಲೂ ಕೆಲಸಕ್ಕೆ ಬರುತ್ತಾ ಅಂತ ನನಗೂ ಆಸೆ.”

ಫೋನು ಇಟ್ಟ ಮೇಲೆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮೊದಲು ನಕ್ಕದ್ದು ನರ್ಸಮ್ಮ. ನಗು ನಿಂತ ಮೇಲೆ ತೋಳು ಮಡಚಿದರು.

“ನಡೀರಿ. ನೀವು ಬರೆದದ್ದನ್ನ ಕೊನೆಯಿಂದ ಓದ್ತಾ ಬನ್ನಿ. ನಾನು ಜೋಡಿಸ್ತೀನಿ.”

“ಜರ್ಮನ್ ಓದ್ಲಾ, ಫ್ರೆಂಚಾ?”

“ನೀವು ಬರೆದಿದ್ದು ಯಾವುದೋ ಅದು. ನಿಮ್ಮ ಬರಹ ಸರಿ ಇದ್ರೆ ಬಾಗಿಲು ಕೂಡುತ್ತೆ. ಆದ್ರೆ ನನಗೆ ಅರ್ಥ ಆಗೋ ಹಾಗೆ, ನಮ್ಮ ಮಾತಲ್ಲಿ ಹೇಳಿ.”

ಪಂಡಿತರು ಲ್ಯಾಪ್‌ಟಾಪಿನಲ್ಲಿ ಫ್ರೆಂಚ್ ಅನುವಾದ ತೆರೆದು ಗಂಟಲು ಸರಿಮಾಡಿಕೊಂಡರು. ಮನೆಮಾತಿಗೆ ಅವರು ಈ ತನಕ ಏನನ್ನೂ ಅನುವಾದಿಸಿರಲಿಲ್ಲ. “ಗಾಜಿನ ಅಧೋಭಾಗವನ್ನು ಸಮಾನಾಂತರ ಮಾರ್ಗದರ್ಶಿಗಳಲ್ಲಿ ಊರ್ಧ್ವಮುಖವಾಗಿ...”

“ಯಾರ ಜೊತೆ ಮಾತಾಡ್ತಾ ಇದೀರಿ?”

“ನಿನ್ನ ಜೊತೆ.”

“ನನ್ನ ಜೊತೆ ಹಾಗಾ ಮಾತಾಡೋದು? ಮನೇಲಿ ಹೇಳೋ ಹಾಗೆ ಹೇಳಿ!”

ಪಂಡಿತರು ಯೋಚಿಸಿದರು. “ಗಾಜನ್ನ ಓರೆ ಮಾಡ್ದೆ ಆ ಎರಡು ಸಂದಿನ ಒಳಗೆ ಇಳಿಸು. ನಿಧಾನ. ಹಾಂ, ಇನ್ನೊಂಚೂರು. ಈಗ ಟಕ್ ಅನ್ನೋ ತನಕ ಒತ್ತು.”

ಟಕ್ ಎಂದಿತು! ಪಂಡಿತರ ಕಣ್ಣಲ್ಲಿ ನೀರು ಬಂತು. ಅವರು ಬರೆದ ವಾಕ್ಯವೊಂದು ‘ಟಕ್’ ಎಂದದ್ದನ್ನು ಅವರು ಅದೇ ಮೊದಲು ಕೇಳಿದ್ದು.

ಒಂದೊಂದು ವಾಕ್ಯವನ್ನೂ ತಲೆಕೆಳಗು ಮಾಡಬೇಕಿತ್ತು. ಬಿಚ್ಚಿ ಎಂದು ಬರೆದಲ್ಲಿ ಬಿಗಿ ಎನ್ನಬೇಕು, ಎಳೆಯಿರಿ ಎಂದಲ್ಲಿ ತಳ್ಳು ಎನ್ನಬೇಕು. “ಎಡಕ್ಕೆ ತಿರುಗ್ಸು! ಅಲ್ಲ, ಬಲಕ್ಕೆ! ಬಲಕ್ಕೇ!” ಎಂದು ಪಂಡಿತರು ಬೆವರಿದರು. ನರ್ಸಮ್ಮನ ಬೆರಳುಗಳು ಮಾತ್ರ ತೊಡರಲಿಲ್ಲ. ಅಂಗೈಯಗಲದ ಕೂಸುಗಳ ಮೈಗೆ ಬಟ್ಟೆ ಸುತ್ತಿದ ಬೆರಳು ಅವು. ಕತ್ತಲ ಪೊಟರೆಯೊಳಗೆ ಮೊಣಕೈ ತನಕ ಕೈ ಇಟ್ಟು, ಕಣ್ಣು ಮುಚ್ಚಿ, ಮುಟ್ಟಿ ಮುಟ್ಟಿಯೇ ಸ್ಕ್ರೂ ಕೂರಿಸುತ್ತಿದ್ದರು. ನಡುವೆ ಒಮ್ಮೆ ಕೈ ನಿಲ್ಲಿಸಿ, “ನೀವು ದಿನವೆಲ್ಲ ಏನು ಕೆಲಸ ಮಾಡ್ತೀರಿ ಅಂತ ನನಗೆ ಇವತ್ತು ಗೊತ್ತಾಯ್ತು ನೋಡಿ” ಎಂದರು.

“ಏನು?”

“ಕಾಣದೇ ಇರೋರಿಗೆ ಕೈ ಹಿಡಿದು ತೋರಿಸ್ತೀರಿ.”

ಪಂಡಿತರು ತಲೆ ಬಗ್ಗಿಸಿ ಮುಂದಿನ ವಾಕ್ಯ ಹುಡುಕಿದರು.

ದೀಪ ಹಾಕುವ ಹೊತ್ತಿಗೆ ಮೇಜು ಖಾಲಿ. ಗುಂಡಿ ಒತ್ತಿದರೆ ಗಾಜು ಸರ್ರನೆ ಇಳಿಯಿತು, ಕೆಳಗೆ ಹೋಗಿ ಧಡ್ ಎಂದು ಕಚ್ಚಿಕೊಂಡಿತು. ನರ್ಸಮ್ಮ ಬಾಗಿಲಿನ ಮೈ ಸವರಿ ಒಂದು ಕಡೆ ಅಂಗೈಯಿಂದ ಗುದ್ದಿದರು. ಸರ್ರನೆ ಮೇಲೆ ಬಂತು.

“ಹೊಸದಾಗಿ ಕೂತಿದೆ, ಪಳಗಬೇಕು” ಎಂದರು ಪಂಡಿತರು, ಈಗ ಮೆಕ್ಯಾನಿಕ್ಕಿನ ಗತ್ತಿನಲ್ಲಿ. ಒಳಗೆ ಹೋಗಿ ಅನುವಾದವನ್ನು ಕಚೇರಿಗೆ ಕಳಿಸುತ್ತ ಅದರ ಕೆಳಗೆ ಒಂದು ಟಿಪ್ಪಣಿಯನ್ನೂ ಜಡಿದರು: ‘ಇಲ್ಲಿಯ ಪ್ರತಿಯೊಂದು ವಾಕ್ಯವನ್ನೂ ಅನುವಾದಕರು ಸ್ವಹಸ್ತದಿಂದ ಪರೀಕ್ಷಿಸಿದ್ದಾರೆ. ಒಂದಕ್ಷರವೂ ಕೂದಲೆಳೆಯಷ್ಟು ತಪ್ಪಿಲ್ಲ!’ ಆ ಸಂಭ್ರಮದಲ್ಲಿ, ಮೇಜು ಒರೆಸುತ್ತಿದ್ದ ಹೆಂಡತಿ ಫೋನಿನ ಹಿಂದಿನಿಂದ ಏನನ್ನೋ ಎತ್ತಿಕೊಂಡು, ತಿರುಗಿಸಿ ನೋಡಿ, ಗಂಡನ ಕಡೆ ಒಮ್ಮೆ ನೋಡಿ, ಕೋಟಿನ ಜೇಬಿಗೆ ಹಾಕಿಕೊಂಡದ್ದು ಅವರ ಗಮನಕ್ಕೆ ಬರಲಿಲ್ಲ. ಆಮೇಲೆ ನರ್ಸಮ್ಮ ಶೆಡ್ಡಿಗೆ ಹೋಗಿ ಗಾಜನ್ನು ಹತ್ತಿಪ್ಪತ್ತು ಸಲ ಇಳಿಸಿ, ಗುದ್ದಿ, ಏರಿಸಿ ಬಂದರು.

ಸೋಮವಾರ ಹತ್ತು ಗಂಟೆ. ಲೈಸೆನ್ಸ್ ಇದ್ದ ಪಕ್ಕದ ಮನೆಯ ಬಡಗಿ ಕಾರನ್ನು ಮೈದಾನಕ್ಕೆ ತಂದುಕೊಟ್ಟು ಹೋಗಿದ್ದರು. ಪಂಡಿತರು ಪರೀಕ್ಷೆಯ ಮೈದಾನದ ಬೆಂಚಿನ ಮೇಲೆ ಕೂತು ಉಗುರು ಕಚ್ಚಿ ಕಚ್ಚಿ ಬೆರಳಿನ ತನಕ ಬಂದಿದ್ದರು. ಇಪ್ಪತ್ತೈದು ನಿಮಿಷಕ್ಕೆ ಕಾರು ವಾಪಸ್ಸು ಬಂದು, ಗೇಟಿಗೆ ಗುದ್ದದೆ, ಗೆರೆಯೊಳಗೆ ನಿಂತಿತು. ಪರೀಕ್ಷಕರು ಇಳಿದು ನೇರ ಪಂಡಿತರ ಬಳಿಗೇ ಬಂದರು.

“ಇವರು ಮೆಕ್ಯಾನಿಕ್ಕಾ?”

“ಯಾಕೆ ಸಾರ್?” ಪಂಡಿತರು ಬೆಂಚಿನಿಂದ ಎದ್ದು ನಿಂತರು.

“ಸನ್ನೆ ಮಾಡಿ ಅಂದೆ. ಗಾಜು ಧಡ್ ಅಂತ ಕೂತುಬಿಡ್ತು. ಬೇರೆಯವರಾಗಿದ್ರೆ ಕೈಕಾಲು ಬಿಡ್ತಿದ್ರು. ಇವರು ಮುಖ ಕೂಡ ತಿರುಗಿಸಲಿಲ್ಲ, ಸನ್ನೆ ಮುಗಿಸಿ, ಬಾಗಿಲಿಗೆ ಒಂದು ಏಟು ಕೊಟ್ಟು ಗಾಜು ಏರಿಸ್ಕೊಂಡ್ರು! ಎಲ್ಲಿ ಕಲಿತ್ರಮ್ಮ ಅಂದ್ರೆ, ‘ನಮ್ಮನೆಯವರು ಓದಿ ಹೇಳಿದ್ರು’ ಅಂತಾರೆ.” ಕಾಗದಕ್ಕೆ ಠಪ್ಪೆಂದು ಮೊಹರು ಬಿತ್ತು. “ಪಾಸು.”

ಪಂಡಿತರು ಓಡಿಹೋಗಿ ಹೆಂಡತಿಯ ಎರಡೂ ಕೈ ಹಿಡಿದುಕೊಂಡರು. ನರ್ಸಮ್ಮ ಅತ್ತು, ನಕ್ಕು, ಮೂಗು ಒರೆಸಿಕೊಂಡು, ಆಮೇಲೆ ಜೇಬಿನಿಂದ ಹೆಬ್ಬೆರಳಷ್ಟು ದಪ್ಪದ ರಬ್ಬರ್ ತುಂಡನ್ನು ತೆಗೆದು ತೋರಿಸಿದರು.

“ಇದು ಯಾವ ವಾಕ್ಯದ್ದು, ಪಂಡಿತರೇ?”

ಪಂಡಿತರ ಮುಖ ರಬ್ಬರಿನ ಬಣ್ಣಕ್ಕೇ ತಿರುಗಿತು. ಫೋನು, ಆಣೆ, ನಿಂತು ಉಂಡ ಊಟ ಎಲ್ಲ ಒಟ್ಟಿಗೆ ನೆನಪಾದವು. “ನಿನ್ನೇನೇ ಸಿಕ್ಕಿತ್ತಾ? ಯಾಕೆ ಹೇಳಲಿಲ್ಲ?”

“ನಿಮ್ಮ ಮುಖ ನೋಡಿದೆ. ಅಷ್ಟು ಖುಷಿಯಾಗಿ ಏನೋ ಬರೀತಾ ಇದ್ರಿ. ಮತ್ತೆ ಬಿಚ್ಚಿ ಅನ್ನೋಕೆ ಮನಸ್ಸಾಗ್ಲಿಲ್ಲ.” ತುಂಡು ಮತ್ತೆ ಜೇಬಿಗೆ ಹೋಯಿತು. “ಮುಂದಿನ ಭಾನುವಾರ ನಾನೇ ಹಾಕ್ತೀನಿ. ನೀವು ವಾಕ್ಯ ಬರೆದಿಡಿ. ಈಗ ಹತ್ತಿ, ಮನೆಗೆ ಕರ್ಕೊಂಡು ಹೋಗ್ತೀನಿ.”

ಮದುವೆಯಾದ ಮೇಲೆ ಮೊದಲ ಸಲ ಪಂಡಿತರು ಹೆಂಡತಿಯ ಪಕ್ಕದಲ್ಲಿ ಕೂತು, ಬಾಯಿ ಮುಚ್ಚಿಕೊಂಡು, ಪರಮ ಸುಖದಿಂದ ಮನೆಗೆ ಬಂದರು.

ಬಂದು ನೋಡಿದರೆ ಅನುವಾದದ ಅಂಚಿನಲ್ಲಿ ಆಗಲೇ ಒಂದು ಕೆಂಪು ಷರಾ ಕಾಯುತ್ತಿತ್ತು. “ಜರ್ಮನ್‌ನಲ್ಲಿ ಮೂವತ್ತೊಂದು ವಾಕ್ಯ, ನಿಮ್ಮಲ್ಲಿ ಮೂವತ್ತು. ಹದಿನೇಳನೆಯದು ಕಾಣುತ್ತಿಲ್ಲ. ರಬ್ಬರ್ ತುಂಡು ಎಲ್ಲಿ ಹೋಯಿತು?”

ಹತ್ತೊಂಬತ್ತು ವರ್ಷದಲ್ಲಿ ಈ ಅಂಚಿನ ಷರಾಗಳಿಗೆ ಪಂಡಿತರು ಬರೆದ ಉತ್ತರಗಳಿಗೆ ಲೆಕ್ಕವಿಲ್ಲ. ವಾದ ಹೂಡಿದ್ದರು, ವ್ಯಾಕರಣ ತೆಗೆದಿದ್ದರು, ನಿಘಂಟು ಎತ್ತಿ ಹಾಕಿದ್ದರು. ಈ ಸಲ ಅವರು ಒಂದು ಸಾಲು ಬರೆದರು.

“ನನ್ನ ಹೆಂಡತಿಯ ಕೋಟಿನ ಜೇಬಿನಲ್ಲಿದೆ ಮೇಡಂ. ಅವಳು ಪಾಸಾದಳು.”